ಭೂತಪ್ಪ ಮುಚ್ಚಿದ ಹನ್ನೊಂದು ಕೊಳವೆ

ಶರಾವತಿಗೆ ಅಡ್ಡಲಾಗಿ ಸರ್ಕಾರ ಕಟ್ಟಿದ ಅಷ್ಟು ದೊಡ್ಡ ಅಣೆಕಟ್ಟು ಸೋರುತ್ತದೆ ಎಂಬ ಸಂಗತಿ ಭೂತಪ್ಪನಿಗೆ ಕೆಲಸಕ್ಕೆ ಸೇರಿದ ಮೊದಲ ದಿನವೇ ಗೊತ್ತಾಯಿತು. ಗೊತ್ತಾದದ್ದನ್ನು ಅವನು ಯಾರಿಗೂ ಹೇಳಲಿಲ್ಲ. ಮನೆಯ ಜಗಳವನ್ನು ಬೀದಿಗೆ ತರದ ಮರ್ಯಾದಸ್ಥನ ಹಾಗೆ ಬಾಯಿಗೆ ಬೀಗ ಹಾಕಿಕೊಂಡು, ಸಂಜೆ ಮನೆಗೆ ಬಂದು ಸುಮ್ಮನೆ ಗಂಜಿ ಕುಡಿದು ಮಲಗಿದ.

ಬೇರೆ ಯಾರಾದರೂ ಆಗಿದ್ದರೆ ಸೋರಿದರೆ ಸೋರಲಿ ಎಂದು ಬಿಟ್ಟುಬಿಡುತ್ತಿದ್ದರು. ಭೂತಪ್ಪ ನೀರುಗಂಟಿ. ಹೊನ್ನೆಮರಡಿನ ಆಚೆಗೆ, ಈಗ ನೀರಿನ ಅಡಿಯಲ್ಲಿರುವ ಒಂದು ಸಣ್ಣ ಊರಿನ ಕೆರೆ ಕಾಯುವುದು ಅವನ ಮನೆತನದ ಕೆಲಸ. ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಬಿಡಬೇಕು, ತೂಬು ಎಷ್ಟು ಎತ್ತಬೇಕು, ಏಡಿ ಕೊರೆದ ತೂತನ್ನು ಹೇಗೆ ಮುಚ್ಚಬೇಕು ಎಂಬುದೆಲ್ಲ ಅವನಿಗೆ ಕೈಗೆ ಹತ್ತಿದ ವಿದ್ಯೆ. ಅವನ ಅಜ್ಜನ ಕಾಲದಿಂದ ಆ ಕೆರೆ ಒಂದೇ ಒಂದು ಸಲವೂ ಒಡೆದಿರಲಿಲ್ಲ. ಅದನ್ನು ಹಾಳು ಮಾಡಲು ಕೊನೆಗೆ ಸರ್ಕಾರವೇ ಒಂದು ನದಿಯನ್ನು ಕಟ್ಟಿಹಾಕಿ ತರಬೇಕಾಯಿತು.

ಊರು ಮುಳುಗಿದ ಮೇಲೆ ಅವನಿಗೆ ಆನಂದಪುರದ ಕಡೆ ಜಮೀನು ಕೊಟ್ಟರು. ಜಮೀನು ಕೆಟ್ಟದ್ದೇನಲ್ಲ, ಆದರೆ ಅಲ್ಲಿ ಕೆರೆ ಇರಲಿಲ್ಲ. ಕೆರೆಯಿಲ್ಲದ ಊರಿನಲ್ಲಿ ನೀರುಗಂಟಿಯನ್ನು ಯಾರು ಕೇಳುತ್ತಾರೆ? ಬೆಳಿಗ್ಗೆ ಎದ್ದರೆ ಹೋಗಿ ನೋಡಿಕೊಂಡು ಬರಲು ನೀರಿಲ್ಲ, ಬೈಸಿಕೊಳ್ಳಲು ರೈತರಿಲ್ಲ. ಆರು ತಿಂಗಳಲ್ಲಿ ಭೂತಪ್ಪ ಒಣಗಿದ ಕೊಬ್ಬರಿಯಂತಾದ. ಕೊನೆಗೆ ಜಮೀನನ್ನು ಮಗನಿಗೆ ಒಪ್ಪಿಸಿ, ಹೆಂಡತಿ ಕನ್ನಮ್ಮನನ್ನು ಕರೆದುಕೊಂಡು, ತನ್ನ ಊರನ್ನು ಮುಳುಗಿಸಿದ ಕಟ್ಟೆಯಲ್ಲೇ ದಿನಗೂಲಿ ಕೆಲಸ ಹುಡುಕಿಕೊಂಡು ಹೋದ. ಇದಕ್ಕೆ ನೆಂಟರೆಲ್ಲ ನಕ್ಕರು. ನೀರು ಎಲ್ಲಿದೆಯೋ ತಾನು ಅಲ್ಲಿ ಎಂದು ಇವನೂ ನಕ್ಕ.

ಕೆಲಸ ಸಿಕ್ಕಿದ್ದು ಕಟ್ಟೆಯ ಹೊಟ್ಟೆಯೊಳಗೆ. ಆ ಕಲ್ಲುಗೋಡೆಯ ಒಳಗಡೆ ಉದ್ದಕ್ಕೂ ಒಂದು ಓಣಿ ಇದೆ, ಗ್ಯಾಲರಿ ಎನ್ನುತ್ತಾರೆ. ಮೆಟ್ಟಿಲಿಳಿದು ಟಾರ್ಚು ಹಿಡಿದು ಹೋಗಬೇಕು. ಅಲ್ಲಿ ಗೋಡೆಯ ಬುಡದಲ್ಲಿ ಸಾಲಾಗಿ ಕೊಳವೆಯ ಬಾಯಿಗಳು. ಒಂದೊಂದರಿಂದಲೂ ಸಣ್ಣಗೆ ನೀರು ಒಸರಿ ಚರಂಡಿಗೆ ಬೀಳುತ್ತಿತ್ತು. ಚರಂಡಿಗೆ ಅಡ್ಡಲಾಗಿ ಒಂದು ತಗಡು, ತಗಡಿನಲ್ಲಿ ನೀರು ಹರಿದುಹೋಗಲು ಕೊರೆದ ಒಂದು ಕಚ್ಚು, ಪಕ್ಕದಲ್ಲಿ ಅಳತೆಪಟ್ಟಿ. ಭೂತಪ್ಪನ ಪಾಲಿಗೆ ಬಂದ ತುಂಡಿನಲ್ಲಿ ಹನ್ನೊಂದು ಕೊಳವೆಗಳಿದ್ದವು. ದಿನಾ ಬೆಳಿಗ್ಗೆ ಎಂಟಕ್ಕೆ ಇಳಿದು, ಕಚ್ಚಿನಲ್ಲಿ ನೀರು ಎಷ್ಟು ಇಂಚು ನಿಂತಿದೆ ಎಂದು ನೋಡಿ ರಿಜಿಸ್ಟರಿನಲ್ಲಿ ಬರೆಯಬೇಕು. ಮೂರನೇ ಕ್ಲಾಸು ಓದಿದವನಿಗೆ ಅಷ್ಟು ಬರೆಯುವುದೇನೂ ಕಷ್ಟವಲ್ಲ.

ಕೆಲಸ ಹೇಳಿಕೊಟ್ಟವನು ಮಹಾಗಣಪತಿ ಎಂಬ ಇಂಜಿನಿಯರು. ಸಾಗರದ ಹತ್ತಿರದ ತೋಟದವರ ಮನೆಯ ಹುಡುಗ, ವಯಸ್ಸು ಇಪ್ಪತ್ತಾರು. ಓದಿದ್ದೆಲ್ಲ ತಲೆಯಲ್ಲಿ ತುಂಬಿ ತುಳುಕುತ್ತಿತ್ತು, ಹೇಳಲು ಮಾತ್ರ ಪುರಸೊತ್ತಿರಲಿಲ್ಲ. ದಿನಾ ಬರಿ, ನೀರು ಹೆಚ್ಚಾದರೆ ಓಡಿಬಂದು ತಕ್ಷಣ ಹೇಳು ಎಂದಷ್ಟೇ ಹೇಳಿ ಮೆಟ್ಟಿಲು ಹತ್ತಿ ಹೋಗಿಬಿಟ್ಟ. ಕಡಿಮೆಯಾದರೆ ಏನು ಮಾಡಬೇಕೆಂದು ಅವನೂ ಹೇಳಲಿಲ್ಲ, ಇವನೂ ಕೇಳಲಿಲ್ಲ. ಸೋರುವುದು ಕಡಿಮೆಯಾದರೆ ಹಾಲು ಕುಡಿದಷ್ಟು ಸಂತೋಷಪಡಬೇಕು, ಅದರಲ್ಲಿ ಕೇಳುವುದೇನಿದೆ ಎಂಬುದು ಭೂತಪ್ಪನ ಲೆಕ್ಕ.

ಒಂದು ವರ್ಷ ಹೀಗೇ ನಡೆಯಿತು. ದಿನಾ ಮೂರು ಇಂಚು, ಮಳೆಗಾಲದಲ್ಲಿ ಮೂರೂಕಾಲು. ಅಷ್ಟರಲ್ಲಿ ಕಟ್ಟೆಯ ಮೇಲಿನ ಕೆಲಸವೆಲ್ಲ ಮುಗಿಯುತ್ತ ಬಂದು, ದಿನಗೂಲಿಯವರನ್ನು ಒಬ್ಬೊಬ್ಬರಾಗಿ ಮನೆಗೆ ಕಳಿಸತೊಡಗಿದರು. ಶ್ರಾವಣದಲ್ಲಿ ಬೆಂಗಳೂರಿನಿಂದ ದೊಡ್ಡ ಸಾಹೇಬರು ಬಂದು, ಯಾರನ್ನು ಖಾಯಂ ಮಾಡುವುದು, ಯಾರನ್ನು ಕಳಿಸುವುದು ಎಂದು ತೀರ್ಮಾನಿಸುತ್ತಾರೆಂದು ಸುದ್ದಿಯಾಯಿತು. ಭೂತಪ್ಪ ಕೂತಲ್ಲೇ ಲೆಕ್ಕ ಹಾಕಿದ. ಇಲ್ಲಿಂದ ಕಳಿಸಿದರೆ ಮತ್ತೆ ಆನಂದಪುರ, ಮತ್ತೆ ಆ ಒಣ ಬೆಳಗುಗಳು. ಒಂದು ಸಲ ನೀರು ಕಳೆದುಕೊಂಡವನಿಗೆ ಎರಡನೇ ಸಲ ಕಳೆದುಕೊಳ್ಳುವ ಧೈರ್ಯ ಇರಲಿಲ್ಲ.

ಇಂಥ ಹೊತ್ತಿನಲ್ಲೇ ಮೇಳಿಗೆಯಿಂದ ಬೀಗ ಶೇಷಪ್ಪ ಬರಬೇಕೆ? ಮಗಳನ್ನು ಕೊಟ್ಟ ಮನೆಯ ಯಜಮಾನ, ಮಾತಿನಲ್ಲಿ ಸೋತು ಗೊತ್ತಿಲ್ಲದ ಮನುಷ್ಯ. ಕಟ್ಟೆ ನೋಡಬೇಕು ಅಂದ. ಭೂತಪ್ಪ ಎದೆಯುಬ್ಬಿಸಿ ಮೇಲೆಲ್ಲ ಸುತ್ತಾಡಿಸಿದ, ಗೇಟುಗಳನ್ನು ತಾನೇ ಎತ್ತಿ ನಿಲ್ಲಿಸಿದವನಂತೆ ತೋರಿಸಿದ. ಅಷ್ಟಕ್ಕೆ ಬಿಟ್ಟಿದ್ದರೆ ಚೆನ್ನಾಗಿತ್ತು. ಜಂಬ ಹೆಚ್ಚಾಗಿ, ಹೊರಗಿನವರನ್ನು ಬಿಡಬಾರದು ಎಂಬ ಕಟ್ಟಳೆ ಮುರಿದು ಗ್ಯಾಲರಿಗೂ ಇಳಿಸಿದ. ಶೇಷಪ್ಪ ಟಾರ್ಚಿನ ಬೆಳಕಿನಲ್ಲಿ ಕೊಳವೆಗಳನ್ನು ಒಂದೊಂದಾಗಿ ನೋಡುತ್ತ ಹೋಗಿ, ಹನ್ನೊಂದನೆಯದರ ಮುಂದೆ ನಿಂತು ಎಲೆಯಡಿಕೆ ಅಗಿಯುತ್ತ ಕೇಳಿದ.

"ಎಂತ ಬೀಗ್ರೇ, ಅಷ್ಟು ದೊಡ್ಡ ಕಟ್ಟೆ ಹಿಂಗೆ ಸೋರ್ತದಲ್ಲ. ನೀವು ಇದ್ದೂ ಸೋರ್ತದಾ?"

ಅವನು ಅಷ್ಟೇ ಹೇಳಿದ್ದು. ಆದರೆ ಹೇಳಿದ್ದು ಶೇಷಪ್ಪ. ತೀರ್ಥಹಳ್ಳಿ ಪೇಟೆಯಲ್ಲಿ ಇಳಿಯುವ ಹೊತ್ತಿಗೆ ಬಸ್ಸಿನವರಿಗೆಲ್ಲ ತಿಳಿದಿತ್ತು, ಸಂತೆ ಮುಗಿಯುವ ಹೊತ್ತಿಗೆ ಊರಿಗೆಲ್ಲ ತಿಳಿದಿತ್ತು. ಮುಂದಿನ ವಾರ ಮಗಳು ಕಾಗದ ಬರೆಸಿದಳು. ಅಪ್ಪಯ್ಯ, ನೀವು ಕಾಯುವ ಕಟ್ಟೆ ಜರಡಿಯಾಗಿದೆಯಂತೆ, ಹೌದೇ ಎಂದು ಅದರಲ್ಲಿತ್ತು. ಓದಿ ಭೂತಪ್ಪನ ಮುಖ ಇಷ್ಟಾಯಿತು. ಅಜ್ಜ ಕಾದ ಕೆರೆ ತೊಟ್ಟು ನೀರು ಕಳೆದಿರಲಿಲ್ಲ, ಮೊಮ್ಮಗ ಕಾಯುವ ಕಟ್ಟೆಗೆ ಜರಡಿ ಎಂಬ ಹೆಸರು ಬಂತಲ್ಲ ಎಂದು ಎರಡು ದಿನ ಊಟ ಸೇರಲಿಲ್ಲ.

ಮೂರನೆಯ ದಿನ ಅವನು ಹುತ್ತದ ಮಣ್ಣು ತಂದ. ಅದಕ್ಕೆ ಭತ್ತದ ಹೊಟ್ಟು, ಧೂಪದ ಮರದ ಅಂಟು, ಒಂದಿಷ್ಟು ಸಗಣಿ ಸೇರಿಸಿ ಹದವಾಗಿ ಮಿದ್ದ. ಹೊನ್ನೆಮರದ ತುಂಡನ್ನು ಕೆತ್ತಿ ಬಿರಡೆ ಮಾಡಿ ನಾರು ಸುತ್ತಿದ. ಕನ್ನಮ್ಮ ಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡಿದಳು. ಬುತ್ತಿಯ ಡಬ್ಬಿಯಲ್ಲಿ ಮಣ್ಣು ತುಂಬಿದ್ದನ್ನು ಕಂಡ ಮೇಲೆ ಅವಳಿಗೆ ತಡೆಯಲಾಗಲಿಲ್ಲ.

"ಕಟ್ಟೆ ಸಾಯೇಬ್ರದ್ದು. ಸೋರೋದೂ ಸಾಯೇಬ್ರದ್ದೇ. ನಿಮಗೆಂತಕ್ಕೆ ಬೇಕು ಅದು?"

ನೀರು ಯಾರದ್ದಾದರೂ ತೂತು ನೀರುಗಂಟಿಯದು ಎಂದು ಅವನು ಗತ್ತಿನಲ್ಲಿ ಉತ್ತರ ಕೊಟ್ಟು ಹೊರಟ. ದಿನಕ್ಕೊಂದು ಕೊಳವೆಯಂತೆ ಮುಚ್ಚತೊಡಗಿದ. ಮೊದಲು ಮಣ್ಣು ತುರುಕಿ, ಮೇಲೆ ಬಿರಡೆ ಬಡಿದು, ಸುತ್ತ ಅಂಟು ಮೆತ್ತಿ, ಬೆರಳಿನಿಂದ ಸವರಿ ನುಣುಪು ಮಾಡುತ್ತಿದ್ದ. ಅವನ ಜೀವಮಾನದಲ್ಲಿ ಅಷ್ಟು ಚಂದದ ಕೆಲಸ ಮಾಡಿರಲಿಲ್ಲ. ಮಾಡಿದ್ದನ್ನು ಯಾರಿಗೂ ಹೇಳಲಿಲ್ಲವಾದರೂ ರಿಜಿಸ್ಟರಿನಲ್ಲಿ ಒಂದು ದಿನವೂ ತಪ್ಪು ಬರೆಯಲಿಲ್ಲ. ಮೂರೂಕಾಲು ಇಂಚು ಮೂರಾಯಿತು, ಎರಡೂವರೆಯಾಯಿತು, ಎರಡಾಯಿತು. ಹನ್ನೊಂದನೆಯ ಬೆಳಿಗ್ಗೆ ಕಚ್ಚು ಪೂರ್ತಿ ಒಣಗಿತ್ತು. ಭೂತಪ್ಪ ತನ್ನ ಸೀಸದ ಕಡ್ಡಿ ಚೂಪು ಮಾಡಿಕೊಂಡು, ದುಂಡಗೆ, ಮುತ್ತಿನಂಥ ಒಂದು ಸೊನ್ನೆ ಬರೆದ.

ಇಷ್ಟು ದಿನ ಇಂಜಿನಿಯರು ಏನು ಮಾಡುತ್ತಿದ್ದ ಎಂದು ಕೇಳಬಹುದು. ಕಡುಬು ತಿನ್ನುತ್ತಿದ್ದ. ಮಹಾಗಣಪತಿ ಮೂರು ದಿನದ ರಜೆ ಹಾಕಿ ಹೊಸನಗರದ ಆಚೆಗೆ ಹೆಣ್ಣು ನೋಡಲು ಹೋಗಿದ್ದ. ಹೋದ ದಿನವೇ ಮಳೆ ಹಿಡಿಯಿತು, ಹಳ್ಳ ಏರಿತು, ದಾಟುವ ಮರದ ಸಂಕ ಕೊಚ್ಚಿಹೋಯಿತು. ಹುಡುಗಿ ಒಪ್ಪಿಗೆಯಾಗಿದ್ದಳು, ಆದರೆ ಹೊರಡಲು ದಾರಿಯಿರಲಿಲ್ಲ. ಮದುವೆಗೆ ಮೊದಲೇ ಮಾವನ ಮನೆಯಲ್ಲಿ ಹನ್ನೊಂದು ದಿನ ಕೂತು ಉಂಡ ಅಳಿಯ ಆ ಸೀಮೆಯಲ್ಲಿ ಅವನೊಬ್ಬನೇ ಇರಬೇಕು. ಅವನ ಬದಲಿಗೆ ಇದ್ದ ಮೇಸ್ತ್ರಿ ರಿಜಿಸ್ಟರಿಗೆ ದಿನಾ ಕಣ್ಣುಮುಚ್ಚಿ ಸಹಿ ಹಾಕಿದ್ದ. ಅದೇ ಮಳೆಗೆ ಕಟ್ಟೆಯ ನೀರು ದಿನಕ್ಕೆ ಎರಡು ಮೂರಡಿ ಏರುತ್ತಿತ್ತು.

ದೊಡ್ಡ ಸಾಹೇಬರು ಬರುವ ದಿನ ಬೆಳಿಗ್ಗೆ ಮಹಾಗಣಪತಿ ಹೆಣ್ಣು ನೋಡಲು ಹೊಲಿಸಿದ್ದ ಅಂಗಿಯಲ್ಲೇ ನೇರ ಆಫೀಸಿಗೆ ಬಂದ. ಭೂತಪ್ಪ ಒಗೆದ ಪಂಚೆ ಉಟ್ಟು, ರಿಜಿಸ್ಟರನ್ನು ಅವನ ಮೇಜಿನ ಮೇಲೆ ತೆರೆದಿಟ್ಟು, ಪಕ್ಕದಲ್ಲಿ ಕೈಕಟ್ಟಿ ನಿಂತ. ಮಹಾಗಣಪತಿ ಪುಟದ ಮೇಲಿನಿಂದ ಕೆಳಗೆ ಕಣ್ಣಾಡಿಸಿದ. ಸೊನ್ನೆಯ ಹತ್ತಿರ ಬಂದಾಗ ಮುಖ ಸುಣ್ಣದಷ್ಟು ಬಿಳುಪಾಯಿತು. ಎದ್ದು ಗ್ಯಾಲರಿಯ ಕಡೆ ಓಡಿದ. ಸಂತೋಷಕ್ಕೆ ಓಡುತ್ತಿದ್ದಾನೆ ಎಂದುಕೊಂಡು ಭೂತಪ್ಪನೂ ನಗುನಗುತ್ತ ಹಿಂದೆ ಓಡಿದ.

ಒಳಗೆ ಗೋಡೆಗೆ ಗಡಿಯಾರದಂಥ ಒತ್ತಡದ ಮೀಟರುಗಳಿದ್ದವು. ಅವುಗಳ ಮುಳ್ಳು ಎಂದೂ ಇಲ್ಲದಷ್ಟು ಮೇಲೇರಿ ನಿಂತಿತ್ತು. ಮಹಾಗಣಪತಿ ಟಾರ್ಚು ಕೆಳಗೆ ಹಿಡಿದ. ಹನ್ನೊಂದು ಬಿರಡೆಗಳು ಸಾಲಾಗಿ ಮಿರಮಿರ ಮಿಂಚಿದವು. ಇದು ಯಾರ ಕೆಲಸವೆಂದು ಕೇಳಿದ. ನಂದೇ ಸಾಯೇಬ್ರೆ, ಹನ್ನೊಂದೂ ನಂದೇ, ಒಬ್ಬರ ಸಹಾಯ ತಗೊಂಡಿಲ್ಲ ಎಂದು ಭೂತಪ್ಪ ಮೀಸೆಯ ಮೇಲೆ ಕೈಯಾಡಿಸಿದ. ಇಂಜಿನಿಯರಿಗೆ ಕಚೇರಿಯ ಮಾತೆಲ್ಲ ಮರೆತು ಮನೆಯ ಮಾತು ಬಾಯಿಗೆ ಬಂತು.

"ಎಂತ ಮಾಡ್ಬಿಟ್ಟೆ ಮಾರಾಯ" ಎಂದು ಅವನು ಚರಂಡಿಯ ಅಂಚಿನಲ್ಲೇ ಕುಕ್ಕರಿಸಿದ.

ಕೂತಷ್ಟೇ ವೇಗದಲ್ಲಿ ಎದ್ದು ಬಿರಡೆ ಕೀಳಲು ಹೊರಟ. ಬರಲಿಲ್ಲ. ಗ್ಯಾಲರಿಯ ನೀರೆತ್ತುವ ಪಂಪು ನೋಡಿಕೊಳ್ಳುವ ಮಾರಪ್ಪನನ್ನು ಕೂಗಿ ಕರೆದ. ಮಾರಪ್ಪ ಇಕ್ಕಳ ಹಾಕಿ ಎಳೆದ, ಹಾರೆ ಹಾಕಿ ಮೀಟಿದ, ಕೊನೆಗೆ ಎರಡು ಕಾಲನ್ನೂ ಗೋಡೆಗೆ ಒದ್ದು ಜಗ್ಗಿ ಅಂಗಾತ ಬಿದ್ದ. ಹೊನ್ನೆ ಬಿರಡೆ ನೀರು ಕುಡಿದು ಉಬ್ಬಿ ಕಲ್ಲಿನ ಹಾಗೆ ಕೂತಿತ್ತು. ಭೂತಪ್ಪನಿಗೆ ಒಳಗೊಳಗೇ ಹೆಮ್ಮೆ, ಮೇಲೆ ಗಾಬರಿ. ಇಷ್ಟು ಒಳ್ಳೆಯ ಕೆಲಸವನ್ನು ಯಾಕೆ ಕೆಡಿಸುತ್ತಿದ್ದಾರೆ ಎಂದು ಅವನಿಗೆ ಅರ್ಥವೇ ಆಗಲಿಲ್ಲ. ಅದನ್ನೇ ಕೇಳಿಯೂ ಬಿಟ್ಟ.

ಮಹಾಗಣಪತಿ ಬೆವರೊರೆಸಿಕೊಂಡ. ಬೈಯಲು ಬಾಯಿ ತೆರೆದವನು ಯಾಕೋ ಬೈಯಲಿಲ್ಲ. ಬದಲಿಗೆ ಮೆಲ್ಲಗೆ ಕೇಳಿದ. "ನಿಮ್ಮ ಕೆರೆ ಏರಿ ಹಿಂಬದಿ ನೆಂದು ಬಂದ್ರೆ ಏನ್ ಮಾಡ್ತಿದ್ದೆ ಭೂತಪ್ಪ?"

"ಬುಡದಾಗೆ ಕಲ್ಲು ತುಂಬಿ ಕಾಲುವೆ ತೋಡ್ತಿದ್ವಿ. ಒಳಗೆ ಇಳಿದ ನೀರು ಹೊರಗೆ ಹೋಗ್ಬೇಕಲ್ಲ ಸಾಯೇಬ್ರೆ. ಏರಿ ಹೊಟ್ಟೆಯಾಗೇ ನಿಂತ್ರೆ ಅದು ಉಬ್ಬಿ..."

ಅಷ್ಟು ಹೇಳಿ ಭೂತಪ್ಪ ನಿಲ್ಲಿಸಿದ. ಹನ್ನೊಂದು ಬಿರಡೆಗಳನ್ನೂ ಒಂದು ಸಲ ನೋಡಿದ. ಗೋಡೆಯಾಚೆ ನಿಂತ ನೀರಿನ ಎತ್ತರ ನೆನಪಾಯಿತು. ಎಷ್ಟು ಗಟ್ಟಿ ಕಟ್ಟಿದರೂ ನೀರು ಬುಡಕ್ಕೆ ನುಸುಳುತ್ತದೆ, ದಾರಿ ಕೊಟ್ಟರೆ ಹೋಗುತ್ತದೆ, ಕೊಡದಿದ್ದರೆ ಅಡಿಯಿಂದ ಗೋಡೆಯನ್ನೇ ಎತ್ತಲು ನೋಡುತ್ತದೆ, ಅದಕ್ಕೇ ಕಟ್ಟುವಾಗಲೇ ಈ ಕೊಳವೆ ಬಿಟ್ಟಿದ್ದು ಎಂದು ಮಹಾಗಣಪತಿ ಹೇಳುತ್ತಲೇ ಇದ್ದ. ಭೂತಪ್ಪನಿಗೆ ಅದು ಬೇಕಿರಲಿಲ್ಲ. ಏಡಿಯ ತೂತು ಯಾವುದು, ಏರಿ ಉಸಿರು ಬಿಡುವ ದಾರಿ ಯಾವುದು ಎಂಬುದು ಅವನ ಅಜ್ಜ ಅವನಿಗೆ ಕಲಿಸಿದ ಮೊದಲ ಪಾಠ. ಬೀಗರ ಒಂದು ಮಾತಿಗೆ ಅಂಜಿ ಆ ಪಾಠವನ್ನೇ ನುಂಗಿ ನೀರು ಕುಡಿದಿದ್ದ. ಅವನಿಗೆ ಅಲ್ಲೇ ಕರಗಿಹೋಗುವಷ್ಟು ನಾಚಿಕೆಯಾಯಿತು.

ಕಟ್ಟೆ ಬೀಳುತ್ತದಾ ಎಂದು ಕೇಳಿದ. ಹನ್ನೊಂದು ದಿನಕ್ಕೆಲ್ಲ ಬೀಳುವುದಿಲ್ಲ, ಆದರೆ ಮಳೆಗಾಲ ಮುಗಿಯುವವರೆಗೆ ಹೀಗೇ ಬಿಟ್ಟಿದ್ದರೆ ತಾನು ಏನೂ ಹೇಳಲಾರೆ ಎಂದ ಇಂಜಿನಿಯರು. ಭೂತಪ್ಪ ಪಂಚೆ ಎತ್ತಿ ಕಟ್ಟಿದ. ಮಾರಪ್ಪನ ಕೈಯಿಂದ ಸುತ್ತಿಗೆ ಇಸಿದುಕೊಂಡು, ಬಿರಡೆಯನ್ನು ಎಳೆಯದೆ ಪಕ್ಕದಿಂದ ಅತ್ತ ಒಂದು, ಇತ್ತ ಒಂದು ತಟ್ಟಿದ. ತೂಬಿನ ಗೂಟ ಬಿಡಿಸುವ ಕ್ರಮ ಅದು. ಅಂಚಿನಲ್ಲಿ ನೀರು ಜಿನುಗತೊಡಗಿದ ಮೇಲೆ ಒಂದು ತಿರುವು ಕೊಟ್ಟ. ಬಿರಡೆ ಹಾರಿತು, ಹಿಂದೆಯೇ ಮಣ್ಣು, ಹೊಟ್ಟು, ಸಗಣಿ ಸಮೇತ ನೀರು ಚಿಮ್ಮಿ ಇಂಜಿನಿಯರ ಹೊಸ ಅಂಗಿಯ ಎದೆಗೆ ಬಡಿಯಿತು. ಹನ್ನೊಂದೂ ಬಿಡಿಸುವ ಹೊತ್ತಿಗೆ ಮಧ್ಯಾಹ್ನ ಎರಡು ಗಂಟೆ. ಮೀಟರಿನ ಮುಳ್ಳು ನಿಧಾನವಾಗಿ ಇಳಿಯತೊಡಗಿತು.

ದೊಡ್ಡ ಸಾಹೇಬರು ಬರಲು ಇನ್ನೊಂದೇ ಗಂಟೆ ಇತ್ತು. ಮಹಾಗಣಪತಿ ಒದ್ದೆ ಅಂಗಿಯಲ್ಲೇ ಕಪಾಟಿನಿಂದ ಒಂದು ಹೊಸ ರಿಜಿಸ್ಟರು ತೆಗೆದು ಭೂತಪ್ಪನ ಮುಂದಿಟ್ಟ. ನಾಚಿಕೆಯಿಂದ ಕಣ್ಣು ತಪ್ಪಿಸಿಕೊಂಡು, ಕಳೆದ ಹನ್ನೊಂದು ದಿನಕ್ಕೂ ಮೂರೂಕಾಲು ಇಂಚು ಎಂದು ಬರೆದುಬಿಡು, ನಿನ್ನ ಕೆಲಸವೂ ಉಳಿಯುತ್ತದೆ, ನನ್ನದೂ ಉಳಿಯುತ್ತದೆ ಎಂದ. ಮೂರು ದಿನದ ರಜೆಗೆ ಹನ್ನೊಂದು ದಿನ ಹೋದವನ ಪಾಡು ಅವನಿಗೂ ಗೊತ್ತಿತ್ತು. ಮದುವೆ ನಿಶ್ಚಯವಾಗಿತ್ತು ಬೇರೆ.

ಭೂತಪ್ಪ ಸೀಸದ ಕಡ್ಡಿ ಹಿಡಿದ. ಆನಂದಪುರದ ಆ ಅಂಗಳ ಕಣ್ಣಿಗೆ ಬಂತು. ಕಡ್ಡಿಯ ತುದಿ ಕಾಗದ ಮುಟ್ಟಿತು, ಮುಂದೆ ಹೋಗಲಿಲ್ಲ. ಹುಡುಗ ಸಾಹೇಬನ ಮೇಲೆ ಅವನಿಗೆ ಕನಿಕರವಿತ್ತು, ತನ್ನ ಮೇಲೆ ಅದಕ್ಕಿಂತ ಹೆಚ್ಚು ಇತ್ತು. ಆದರೂ ಕಡ್ಡಿಯನ್ನು ಕೆಳಗಿಟ್ಟ.

"ನಮ್ಮ ಕೆರೆಯಾಗೆ ಒಂದು ಗೇಣು ನೀರು ಸುಳ್ಳು ಹೇಳಿದ್ರೆ ಕೊನೆ ಗದ್ದೆಯವ್ನ ಮನೆ ಒಲೆ ಉರೀತಿರ್ಲಿಲ್ಲ ಸಾಯೇಬ್ರೆ. ನೀರಿನ ವಿಷ್ಯದಾಗೆ ಸುಳ್ಳು ಬರೆಯೋಕೆ ನನ್ನ ಕೈ ಏಳಲ್ಲ. ಕೆಲಸ ಹೋದ್ರೆ ಹೋಗ್ಲಿ."

ದೊಡ್ಡ ಸಾಹೇಬರು ಬಂದರು. ತಲೆ ನೆರೆತ, ಮಾತು ಕಡಿಮೆಯ ಮನುಷ್ಯ. ಬೇರೆ ಏನನ್ನೂ ನೋಡುವ ಮೊದಲು ರಿಜಿಸ್ಟರು ಕೇಳಿದರು. ಮಹಾಗಣಪತಿ ಎರಡು ರಿಜಿಸ್ಟರುಗಳ ಮುಂದೆ ಒಂದು ಕ್ಷಣ ನಿಂತು, ಹಳೆಯದನ್ನೇ ಎತ್ತಿ ಕೊಟ್ಟ. ಸೊನ್ನೆಯ ಮೇಲೆ ಅವರ ಬೆರಳು ನಿಂತಿತು. ಭೂತಪ್ಪ ಮುಂದೆ ಬಂದು, ಹುತ್ತದ ಮಣ್ಣಿನಿಂದ ಹಿಡಿದು ಎಲ್ಲವನ್ನೂ, ಬೀಗರನ್ನು ಒಳಗೆ ಬಿಟ್ಟದ್ದನ್ನೂ ಸೇರಿಸಿ ಒಪ್ಪಿಸಿದ. ಅವನು ಮುಗಿಸಿದ ಮೇಲೆ ಮಹಾಗಣಪತಿ, ತಾನು ಹನ್ನೊಂದು ದಿನ ಇರಲಿಲ್ಲವೆಂದೂ, ನೀರು ಯಾಕೆ ಸೋರಬೇಕೆಂದು ಇವನಿಗೆ ಒಂದು ದಿನವೂ ತಾನು ಹೇಳಿರಲಿಲ್ಲವೆಂದೂ ತಾನಾಗಿಯೇ ಹೇಳಿದ.

ದೊಡ್ಡ ಸಾಹೇಬರು ಪುಟ ತಿರುವಿ ತಿರುವಿ ನೋಡಿದರು.

"ನಾನು ಮೂವತ್ತು ವರ್ಷದಿಂದ ಇಂಥ ರಿಜಿಸ್ಟರ್ ನೋಡ್ತಿದೀನಿ" ಅಂದರು. "ವರ್ಷಪೂರ್ತಿ ಒಂದೇ ನಂಬರ್ ಇರುತ್ತೆ. ಮನೇಲಿ ಕೂತು ಬರೆದಿರ್ತಾರೆ. ಕಟ್ಟೆ ಒಡೆಯೋದು ಅಂಥ ರಿಜಿಸ್ಟರ್‌ನಿಂದ. ಕೊಳವೆ ಮುಚ್ಚಿದವನನ್ನ ಕಳಿಸಬೇಕು, ಸೊನ್ನೆ ಬರೆದವನನ್ನ ಇಟ್ಕೊಬೇಕು. ಇಬ್ಬರೂ ಒಬ್ಬನೇ ಆಗಿದಾನೆ, ಏನ್ ಮಾಡೋಣ?"

ಮಾಡಿದ್ದು ಇಷ್ಟು. ಭೂತಪ್ಪನ ಹೆಸರು ಖಾಯಂ ಪಟ್ಟಿಗೆ ಹೋಯಿತು. ಮಹಾಗಣಪತಿಗೆ ಒಂದು ಲಿಖಿತ ಎಚ್ಚರಿಕೆಯೂ, ಒಂದು ಶಿಕ್ಷೆಯೂ ಸಿಕ್ಕಿತು. ಪ್ರತಿ ಸೋಮವಾರ ಕಟ್ಟೆಯ ಕೆಲಸದವರನ್ನೆಲ್ಲ, ಕಸ ಗುಡಿಸುವವರನ್ನೂ ಬಿಡದೆ ಕೂರಿಸಿ, ಯಾವ ಗೇಟು ಯಾತಕ್ಕೆ, ಯಾವ ತೂತು ಯಾತಕ್ಕೆ ಎಂದು ಕನ್ನಡದಲ್ಲಿ ಹೇಳಬೇಕು. ಎಲ್ಲರಿಗೂ ತಿಳಿಯಿತು ಎಂದು ಭೂತಪ್ಪ ಒಪ್ಪಿದ ಮೇಲೆಯೇ ಪಾಠ ಮುಗಿಯಬೇಕು.

ಮೊದಲ ಸೋಮವಾರ ಶೆಡ್ಡಿನಲ್ಲಿ ಮೂವತ್ತು ಜನ ಸೇರಿದರು. ಭೂತಪ್ಪ ಪರೀಕ್ಷೆಗೆ ಬಂದ ಇನ್ಸ್‌ಪೆಕ್ಟರಂತೆ ಮುಂದಿನ ಸಾಲಿನಲ್ಲಿ ಕೂತ. ಕನ್ನಮ್ಮ ಬುತ್ತಿ ತಂದವಳು ಅಲ್ಲೇ ಉಳಿದಳು. ಮಾರಪ್ಪನಿಗೆ ತಿಳಿದಿಲ್ಲ ಎಂದು ಭೂತಪ್ಪ ಕೊಳವೆಯ ಪಾಠವನ್ನು ಮೂರು ಸಲ ಹೇಳಿಸಿದ. ಮಾರಪ್ಪನಿಗೆ ಮೊದಲ ಸಲವೇ ತಿಳಿದಿತ್ತು. ಹೆಚ್ಚಾದರೂ ಹೇಳಬೇಕು, ಕಡಿಮೆಯಾದರೂ ಹೇಳಬೇಕು, ಸೊನ್ನೆಯಾದರಂತೂ ಇದ್ದಲ್ಲಿಂದ ಓಡಿಬಂದು ಮೇಲಿನವರಿಗೆ ಹೇಳಬೇಕು ಎಂದು ಮಹಾಗಣಪತಿ ಗಂಟಲು ಹರಿದುಕೊಂಡು ಮುಗಿಸಿ, ಇನ್ನೇನಾದರೂ ಕೇಳುವುದಿದೆಯೇ ಎಂದ.

"ಇದು ಎಂತಕ್ಕೆ ಸೋರ್ಬೇಕು ಅಂತ ತಿಳೀತು" ಎಂದ ಭೂತಪ್ಪ. "ಇದನ್ನ ಎಂತಕ್ಕೆ ಕಟ್ಟಿದ್ದು ಅಂತ ನಮಗೆ ಯಾರೂ ಸರಿಯಾಗಿ ಹೇಳಿಲ್ಲ."

ಇಂಜಿನಿಯರಿಗೆ ಹುರುಪು ಬಂತು. ಇಲ್ಲಿ ನಿಂತ ನೀರು ದೊಡ್ಡ ಕೊಳವೆಗಳಲ್ಲಿ ಘಟ್ಟ ಇಳಿದು ಚಕ್ರ ತಿರುಗಿಸುತ್ತದೆ, ಅದರಿಂದ ಕರೆಂಟು, ಅದು ತಂತಿಯಲ್ಲಿ ಬೆಂಗಳೂರಿಗೆ, ಭದ್ರಾವತಿಗೆ, ಕಾರ್ಖಾನೆಗಳಿಗೆ ಹೋಗುತ್ತದೆ ಎಂದು ಕೈಯಾಡಿಸಿ ಹೇಳಿದ. ಭೂತಪ್ಪ ತಲೆದೂಗುತ್ತ ಕೇಳಿಸಿಕೊಂಡು, ಕೊನೆಗೆ ಒಂದೇ ಮಾತು ಕೇಳಿದ. ಊರು ಬಿಟ್ಟುಕೊಟ್ಟು ಬಂದವರ ನಲವತ್ತು ಮನೆ ಆನಂದಪುರದ ಕಡೆ ಇವೆ, ಅವುಗಳಲ್ಲಿ ಎಷ್ಟು ಮನೆಗೆ ಬಂದಿದೆ ಆ ಕರೆಂಟು?

ಮುಂದಿನ ವರ್ಷ ಬರುತ್ತದೆ ಎಂಬ ಮಾತು ಮಹಾಗಣಪತಿಯ ನಾಲಿಗೆಯ ತುದಿಯವರೆಗೆ ಬಂದಿತ್ತು. ಮುಂದಿನ ಸಾಲಿನಲ್ಲಿ ಕೂತ ಮುಖ ನೋಡಿ ಅದನ್ನು ನುಂಗಿಕೊಂಡ.

"ಸೊನ್ನೆ" ಎಂದ ಮೆತ್ತಗೆ.

"ಹಂಗಾದ್ರೆ ಬರ್ಕೊಳ್ಳಿ ಸಾಯೇಬ್ರೆ. ಸೊನ್ನೆ ಕಂಡ್ರೆ ಮೇಲಿನವ್ರಿಗೆ ತಕ್ಷಣ ಹೇಳ್ಬೇಕು ಅಂತ ನೀವೇ ಈಗ ಮೂರು ಸಲ ಹೇಳಿದ್ದು."

ಶೆಡ್ಡಿನಲ್ಲಿ ಯಾರೂ ನಗಲಿಲ್ಲ. ಮಹಾಗಣಪತಿ ಜೇಬಿನಿಂದ ಪೆನ್ನು ತೆಗೆದು, ದೊಡ್ಡ ಸಾಹೇಬರಿಗೆ ಹೋಗಬೇಕಾಗಿದ್ದ ಆ ವಾರದ ವರದಿಯ ಕೊನೆಯಲ್ಲಿ ನಲವತ್ತು ಮನೆ ಎಂದು ಬರೆದು, ಎದುರಿಗೆ ದುಂಡಗೆ ಒಂದು ಸೊನ್ನೆ ಹಾಕಿದ.